ಮಾಲೆ ಹಾಕಿದ ಫೋಟೋ

೧೯೫೭ರ ಫೆಬ್ರುವರಿ ಹನ್ನೊಂದು, ಸೋಮವಾರ. ಬೆಳಿಗ್ಗೆ ಎಂಟಕ್ಕೆ ಬಾಗಲಕೋಟೆ ಠಾಣೆಗೆ ದೂರು ಬಂತು. ತಂದವರು ಊರಿನ ಹೊಸ ಕಲಾ ಮ್ಯೂಸಿಯಮ್ಮಿನ ಮೇಲ್ವಿಚಾರಕ ಕೃಷ್ಣಾಜಿ. ಮರುದಿನ ಉದ್ಘಾಟನೆ, ಗೋಡೆಯ ಮೇಲಿದ್ದ ದೊಡ್ಡ ಫೋಟೋ ಒಂದು ಕಾಣೆಯಾಗಿತ್ತು.

"ಬೀಗ ಒಡದಿಲ್ಲ. ಕೀಲಿ ಇದ್ದದ್ದು ಕಾವಲುಗಾರ ಚಾಂದಸಾಬನ ಹತ್ರ. ಇನ್ನೇನ್ ತಪಾಸ ಮಾಡ್ತೀರಿ?" ಎಂದರು ಕೃಷ್ಣಾಜಿ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಲ್ಲ ಫೌಜದಾರ ಮಧುಸೂದನರಾವ್. ಎಫ್‌ಐಆರ್ ಬರೆಸಿಕೊಂಡರು. ಆದರೆ ಮೇಲಿನ ಸಾಹೇಬರ ಹುಕುಂ ಬಂದಾಗಿತ್ತು: ನಾಳೆ ಬೆಳಗಿನೊಳಗೆ ಮಾಲು ಸಿಗದಿದ್ದರೆ ಚಾಂದಸಾಬನನ್ನೇ ಆರೋಪಿ ಮಾಡಿ ಕೋರ್ಟಿಗೆ ಒಪ್ಪಿಸಿ. ಮುದುಕ ಠಾಣೆಯ ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ. ಕೊಟ್ಟ ಚಹಾ ಮುಟ್ಟಿರಲಿಲ್ಲ. ಅವನ ಮುಖ ನೋಡಲಾಗದೆ ಫೌಜದಾರರು ಟೋಪಿ ಹಾಕಿಕೊಂಡು ಹೊರಬಿದ್ದರು.

ಮ್ಯೂಸಿಯಮ್ಮಿನಲ್ಲಿ ಪಂಚನಾಮೆ ನಡೆಯಿತು. ಒಂದು ಕೋಣೆಯಲ್ಲಿ ತಲೆ ಯಾವುದು, ಕಾಲು ಯಾವುದು ತಿಳಿಯದ ಹೊಸ ಕಾಲದ ಚಿತ್ರಗಳು. ಇನ್ನೊಂದರಲ್ಲಿ ಕಟ್ಟಡಗಳ ಸಣ್ಣ ಮಾದರಿಗಳು. ಮೂರನೆಯದರಲ್ಲಿ ಫೋಟೋಗಳು: ಮಹಾಕೂಟದ ಹೊಂಡ, ಬಾದಾಮಿಯ ಗುಹೆ, ತೀರಿಹೋದ ಇಬ್ಬರು ದೇಶಭಕ್ತರು. ಎಲ್ಲಕ್ಕೂ ಚೆಂಡುಹೂವಿನ ಮಾಲೆ. ಖಾಲಿ ಮೊಳೆಯ ಕೆಳಗೆ, ಕಿಟಕಿಯ ಕಟ್ಟೆಯ ಮೇಲೆ, ಒಂದು ಮಾಲೆಯನ್ನು ಒಂದು ಹೂವೂ ಉದುರದಂತೆ ತೆಗೆದಿಟ್ಟಿದ್ದರು. ಓಡುವ ಅವಸರದಲ್ಲಿದ್ದ ಕಳ್ಳ ಹೂವಿಗೆ ಇಷ್ಟು ಮರ್ಯಾದೆ ಕೊಡುವುದುಂಟೇ?

"ಈ ಮಾಲಿ ಯಾರು ಹಾಕಿದ್ರು?" ಫೌಜದಾರರು ಕೃಷ್ಣಾಜಿಯವರನ್ನು ಕೇಳಿದರು.

"ನಾನ. ನಿನ್ನೆ ಪೂಜಾ ಆತು. ಎಲ್ಲಾಕ್ಕೂ ಹಾಕಿಸಿದೆ."

"ಕಳದ ಫೋಟೋದಾಗ ಏನಿತ್ತು?"

"ಐಹೊಳಿ ಗುಡಿ. ಕಂಬಕ್ಕ ಆತು ನಿಂತ ಒಬ್ಬ ಹೆಣ್ಣುಮಗಳು."

"ಆಕಿ ಜೀವಂತ ಇದ್ದಾಳೋ ಇಲ್ಲೋ?"

ಕೃಷ್ಣಾಜಿ ಕಣ್ಣು ಪಿಳಿಪಿಳಿ ಬಿಟ್ಟರು. "ಯಾರಿಗ್ಗೊತ್ತು? ಅದು ಕಲಾ ಅದರೀ, ಮನಿಯವರ ಫೋಟೋ ಅಲ್ಲ."

ಫೋಟೋಗೆ ಮಾಲೆ ಬಿತ್ತೆಂದರೆ ಅದರಲ್ಲಿದ್ದವರು ತೀರಿಹೋದರೆಂದೇ ಅರ್ಥ. ನಮ್ಮ ಕಡೆಯ ಕೂಸಿಗೂ ಇದು ಗೊತ್ತು. ಕಲೆಯ ಮಬ್ಬಿನಲ್ಲಿ ಕೃಷ್ಣಾಜಿ ಅದನ್ನು ಮರೆತಿದ್ದರು.

"ಮಾಲಿ ತಗೀರಿ ಅಂತ ಯಾರರೆ ಅಂದಿದ್ರೇನು?"

"ಕಿಟಕಿ ಚೌಕಟ್ಟು ಕೂಡಿಸ್ಲಿಕ್ಕೆ ಬಂದಿದ್ದ ಬಡಿಗ್ಯಾ, ಐಹೊಳಿ ಗಾಳೆಪ್ಪ. ಎರಡು ಸರ್ತಿ ಅಂದ. ನಾ ನಕ್ಕು ಕಳಿಸಿದೆ."

ಕಾನ್‌ಸ್ಟೇಬಲ್ ಕನಕಪ್ಪ ಕಿಟಕಿ ನೂಕಿದ. ತಟ್ಟನೆ ತೆರೆಯಿತು. ಚಿಲಕವನ್ನೇ ಕೂಡಿಸಿರಲಿಲ್ಲ.

ಫೌಜದಾರರೂ ಕನಕಪ್ಪನೂ ಮೋಟಾರು ಬಸ್ಸು ಹಿಡಿದು ಮಧ್ಯಾಹ್ನ ಐಹೊಳೆ ಮುಟ್ಟಿದರು. ಗಾಳೆಪ್ಪನ ಮನೆಗೆ ಬೀಗ. ಪಕ್ಕದ ಮನೆಯ ಶಿವಬಸವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅವನ ಹೇಣ್ತಿ ಗುರುಲಿಂಗವ್ವಗ ನಿನ್ನಿಯಿಂದ ಹೆರಿಗಿ ಬ್ಯಾನಿರೀ. ಕೂಸು ಅಡ್ಡ ಐತಂತ. ಮುಂಜಾನೆ ಚಕ್ಕಡ್ಯಾಗ ಹುನಗುಂದ ದವಾಖಾನಿಗಿ ಒಯ್ದಾರ. ಉಳೀತಾಳೋ ಇಲ್ಲೋ, ದೇವರ ಬಲ್ಲ."

ಅಲ್ಲಿ ಠಾಣೆಯಲ್ಲಿ ಮುದುಕ, ಇಲ್ಲಿ ಈ ಬಸುರಿ. ಫೌಜದಾರರು ಹುನಗುಂದದ ದಾರಿ ಹಿಡಿದರು. ಆಕೆ ಸತ್ತಿದ್ದರೆ ಗಂಡನ ಕೈಗೆ ಬೇಡಿ ಹಾಕುವುದು ಹೇಗೆ ಎಂಬುದೊಂದೇ ಚಿಂತೆ.

ದವಾಖಾನೆಯ ಪಡಸಾಲೆಯಲ್ಲಿ ಗಾಳೆಪ್ಪ ತೊಡೆಯ ಮೇಲೆ ಕೌದಿಯ ಗಂಟು ಇಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತಿದ್ದ. ಪೊಲೀಸರನ್ನು ಕಂಡರೂ ಏಳಲಿಲ್ಲ.

"ಗಂಟಿನ್ಯಾಗ ಏನೈತಿ?" ಕನಕಪ್ಪ ಕೇಳಿದ.

"ನನ್ನ ಹೇಣ್ತಿ ಫೋಟೋರಿ."

"ಕದ್ದಿ?"

"ಹೌದ್ರಿ. ಕಿಟಕಿ ಕೂಡಿಸಿದಾಂವ ನಾನ. ನಿನ್ನಿ ಸಂಜೀಕ ಊರಿಂದ ಸುದ್ದಿ ಬಂತು. ಇಲ್ಲಿ ಈಕಿಗಿ ಬ್ಯಾನಿ, ಅಲ್ಲಿ ಈಕಿ ಕೊಳ್ಳಾಗ ಮಾಲಿ. ಹ್ಯಾಂಗ ಬಿಡ್ಲಿ? ಕೈಮುಗದು ಕೇಳಿದ್ನಿರೀ. ಸಾಹೇಬ್ರು ನಕ್ಕರು."

"ನಿನ್ನ ಸಲುವಾಗಿ ಚಾಂದಸಾಬ ಠಾಣ್ಯಾಗ ಕುಂತಾನ."

"ಮುತ್ಯಾನ್ನ ಹಿಡದೀರಿ? ಯಾಕ್ರಿ? ಆಂವ ಏನೂ ಅರಿಯಾಂವಲ್ರಿ." ಗಾಳೆಪ್ಪ ಎದ್ದು ನಿಂತ. ಬಾಗಿಲ ಕಡೆ ನೋಡಿದ. "ಕೂಸಿನ ದನಿ ಕೇಳೂ ಮಟಾ ಬಿಡ್ರಿ. ಆಮ್ಯಾಲ ಎಲ್ಲಿಗಂದ್ರ ಅಲ್ಲಿಗಿ ಬರ್ತೇನಿ."

ಕೊನೆಯ ಮೋಟಾರು ಹೊರಡುವ ಹೊತ್ತಾಗಿತ್ತು. ಅದು ತಪ್ಪಿದರೆ ಮುದುಕನ ಗತಿ ಏನು? ಫೌಜದಾರರು ಕನಕಪ್ಪನನ್ನು ನಿಲ್ದಾಣಕ್ಕೆ ಓಡಿಸಿದರು: "ಮೋಟಾರ ನಿಲ್ಲಸು. ನನ್ನ ಹೆಸರು ಹೇಳು." ತಾವು ಗಾಳೆಪ್ಪನ ಪಕ್ಕ ಬೆಂಚಿನ ಮೇಲೆ ಕೂತರು. ಒಳಗಿನಿಂದ ಒಂದು ಚೀರು. ಆಮೇಲೆ ಏನೂ ಇಲ್ಲ. ಆ ಮೌನದಲ್ಲಿ ಫೌಜದಾರರೇ ಗಾಳೆಪ್ಪನ ಮೊಣಕೈ ಹಿಡಿದುಕೊಂಡರು.

ಕೂಸು ಅತ್ತಿತು. ನರ್ಸ್ ಲೀಲಾಬಾಯಿ ಹೊರಬಂದು, "ಹೆಣ್ಣು. ಇಬ್ಬರೂ ಆರಾಮ ಇದ್ದಾರ," ಎಂದಳು.

ಗಾಳೆಪ್ಪ ನೆಲಕ್ಕೆ ಕೂತು ಗಳಗಳ ಅತ್ತ. ಅತ್ತು ಮುಗಿದ ಮೇಲೆ ಗಂಟು ಒಪ್ಪಿಸಿದ. ಗಾಜು ಒಡೆದಿರಲಿಲ್ಲ. ಇಬ್ಬರು ಪಂಚರ ಮುಂದೆ ಜಪ್ತಿ ಪಂಚನಾಮೆಯಾಯಿತು, ದಸ್ತಗಿರಿಯೂ ಆಯಿತು. ಬಾಗಿಲ ಸಂದಿಯಿಂದ ಗುರುಲಿಂಗವ್ವನ ಸೋತ ದನಿ ಬಂತು.

"ಯಾರ ಬಂದಾರ? ಎಲ್ಲಿಗಿ ಹೊಂಟಿ?"

ಗಾಳೆಪ್ಪ ಫೌಜದಾರರ ಮುಖ ನೋಡಿದ. ಇಷ್ಟು ವರ್ಷದ ನೌಕರಿಯಲ್ಲಿ ಆರೋಪಿಯ ಪರವಾಗಿ ಸುಳ್ಳು ಹೇಳದ ಫೌಜದಾರರು ಹೇಳಿದರು: "ಬಾಗಲಕೋಟ್ಯಾಗ ಸ್ವಲ್ಪ ಕೆಲಸ ಅದವ್ವಾ."

"ಲಗೂ ಕಳಸ್ರಿ, ಯಪ್ಪಾ. ಕೂಸಿಗಿ ತೊಟ್ಟಲಾ ಮಾಡಬೇಕಾಂವ."

ಮೋಟಾರಿನಲ್ಲಿ ಯಾರೂ ಬೇಡಿ ಹಾಕಲಿಲ್ಲ. ಕತ್ತಲಾಗುವ ಹೊತ್ತಿಗೆ ಠಾಣೆ ಮುಟ್ಟಿದರು. ಚಾಂದಸಾಬ ಮನೆಗೆ ಹೋದ; ಹೋಗುವಾಗ ಗಾಳೆಪ್ಪನ ತಲೆ ಸವರಿ ಹೋದ. ಕನಕಪ್ಪ ಕಾಗದ ಮುಂದಿಟ್ಟುಕೊಂಡ.

"ಕಳವಿನ ಉದ್ದೇಶ ಏನಂತ ಬರೀಲ್ರಿ, ಸಾಹೇಬ್ರ?"

"ಹೇಣ್ತಿ ಬದುಕ್ಲಿ ಅಂತ."

"ಕೋರ್ಟಿನ್ಯಾಗ ನಗತಾರ್ರಿ."

"ನಗ್ಲಿ ಬಿಡು. ನೀ ಬರಿ."