ಮತ್ತೆ ಎಂದರೆ

"ನಿಮ್ಮ ಪಟ್ಟಿ ತಪ್ಪಾಗಿದೆ."

ಮೇಜಿನ ತುದಿಯಿಂದ ಇಂಗ್ಲಿಷಿನಲ್ಲಿ ಬಂದ ಮಾತಿಗೆ ಇಡೀ ಕೋಣೆ ತಿರುಗಿ ನೋಡಿತು. ಪರದೆಯ ಮುಂದೆ ನಿಂತಿದ್ದ ಪಾವನಾ ಮಾತ್ರ ತಿರುಗಲಿಲ್ಲ. ಅವಳ ಕಿವಿ ಬಿಸಿಯಾಗಿತ್ತು.

ಆಲುವದ ಆ ಸಿಗಡಿ ರಫ್ತು ಕಂಪನಿ ತನ್ನ ದಾಸ್ತಾನು, ತಪಾಸಣೆ, ರವಾನೆಗಳ ಮಾಹಿತಿಯನ್ನೆಲ್ಲ ವರ್ಷಗಳಿಂದ ಒರಾಕಲ್ ಡೇಟಾಬೇಸಿನಲ್ಲಿ ಇಟ್ಟುಕೊಂಡು ಬಂದಿತ್ತು. ಈಗ ಲೈಸೆನ್ಸಿನ ಖರ್ಚು ಭಾರವೆನಿಸಿ, ಬೇರೆ ಯಾವುದು ಹೊಂದೀತು ನೋಡಿ ಹೇಳಿ ಎಂದು ಕೊಚ್ಚಿಯ ಐಟಿ ಪಾರ್ಕಿನ ಒಂದು ಸಂಸ್ಥೆಗೆ ಕೆಲಸ ಒಪ್ಪಿಸಿತ್ತು. ಆ ಸಂಸ್ಥೆಯಲ್ಲಿ ಮೈಸೂರಿನ ಪಾವನಾಗೆ ಸ್ವತಂತ್ರವಾಗಿ ಸಿಕ್ಕ ಮೊದಲ ಕೆಲಸ ಇದು.

"ಯಾವುದು ತಪ್ಪು?" ಎಂದಳು.

ಎದ್ದು ನಿಂತವನು ಅಚ್ಯುತ. ತಿರುವನಂತಪುರದ ಶ್ರೀಕಾರ್ಯಂನಲ್ಲಿದ್ದ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ಆ ಹಳೆಯ ಡೇಟಾಬೇಸನ್ನು ನೋಡಿಕೊಳ್ಳುತ್ತಿದ್ದವನು.

"ತಪಾಸಣೆಯ ಟಿಪ್ಪಣಿ ಇಲ್ಲದ ಪೆಟ್ಟಿಗೆಗಳನ್ನು ಮರುತಪಾಸಣೆಗೆ ಕಳಿಸುವುದು ನಮ್ಮ ಪದ್ಧತಿ. ಒರಾಕಲ್‌ಗೆ ಖಾಲಿ ಬಿಟ್ಟ ಟಿಪ್ಪಣಿಯೂ ಒಂದೇ, ಇಲ್ಲದ ಟಿಪ್ಪಣಿಯೂ ಒಂದೇ. ನೀವು ಪರೀಕ್ಷೆ ಮಾಡಿದ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಅವೆರಡೂ ಬೇರೆ ಬೇರೆ. ಖಾಲಿ ಬಿಟ್ಟವು ನಿಮ್ಮ ಮರುತಪಾಸಣೆಯ ಪಟ್ಟಿಯಿಂದ ಜಾರಿಹೋಗಿವೆ. ಯಾರೂ ನೋಡದ ಸಿಗಡಿ ನೇರವಾಗಿ ಹಡಗು ಹತ್ತುತ್ತದೆ."

ಕಂಪನಿಯ ಮುಖ್ಯಸ್ಥೆ ನಿರ್ಮಲ ಮ್ಯಾಡಂ ಕನ್ನಡಕ ತೆಗೆದು ಪಾವನಾಳನ್ನು ನೋಡಿದರು. ಅವನು ಹೇಳಿದ್ದು ನಿಜವಾಗಿತ್ತು. ನಿಜವಾದ್ದರಿಂದಲೇ ಅವಳಿಗೆ ಮೈ ಉರಿಯಿತು.

ಸಭೆ ಮುಗಿದು ಚಹಾದ ಹತ್ತಿರ ನಿಂತಾಗ ಅವಳು ಗೊಣಗಿದಳು, "ಅಧಿಕಪ್ರಸಂಗಿ."

"ಅಧಿಕ ಎಂತದ್ದೂ ಹೇಳ್ಲಿಲ್ಲ," ಹಿಂದಿನಿಂದ ದನಿ ಬಂತು. "ಇನ್ನೂ ಎರಡು ತಪ್ಪುಂಟು. ಎಲ್ಲರೆದುರು ಬೇಡ ಅಂತ ಬಿಟ್ಟೆ."

ಕೈಯಲ್ಲಿದ್ದ ಚಹಾ ಸ್ವಲ್ಪ ಚೆಲ್ಲಿತು. "ನೀವು... ಕನ್ನಡದವರಾ?"

"ಕಾಸರಗೋಡಿನವ. ಕನ್ನಡ ಶಾಲೆಯಲ್ಲೇ ಕಲಿತದ್ದು. ಬೈಯುದಾದ್ರೆ ಇನ್ನು ತಮಿಳಿನಲ್ಲಿ ಬೈಯಿರಿ, ನಂಗೆ ಅರ್ಥ ಆಗುದಿಲ್ಲ."

ನಗಬಾರದೆಂದು ಅವಳು ತೀರ್ಮಾನಿಸಿದ್ದಳು. ಆದರೆ ನಗು ಬಂದೇಬಿಟ್ಟಿತು.

ಉಳಿದ ಎರಡು ತಪ್ಪುಗಳನ್ನು ಕೇಳಲೆಂದು ಮರುದಿನ ಸಂಜೆ ಅವಳೇ ಫೋನ್ ಮಾಡಿದಳು. ಆಮೇಲೆ ಫೋನ್ ಮಾಡಲು ತಪ್ಪುಗಳು ಬೇಕಾಗಲಿಲ್ಲ.

ಕೆಲಸದ ಮಾತು ಮೊದಲು. ಮೈಎಸ್‌ಕ್ಯುಎಲ್ ಹಗುರ, ಚುರುಕು, ಆದರೆ ಈ ಕಂಪನಿಯ ಉದ್ದುದ್ದದ ವರದಿಗಳಿಗೆ ಅವನು ಅದನ್ನು ನಂಬುತ್ತಿರಲಿಲ್ಲ. ಎಸ್‌ಕ್ಯುಎಲ್ ಸರ್ವರ್ ಒಳ್ಳೆಯದೇ, ಆದರೆ ಅದಕ್ಕೂ ಲೈಸೆನ್ಸ್ ಕಟ್ಟಬೇಕು. ಪೋಸ್ಟ್‌ಗ್ರೆಸ್‌ಗೆ ಲೈಸೆನ್ಸಿನ ಖರ್ಚಿಲ್ಲ, ಗಟ್ಟಿ, ಆದರೆ ಹಳೆಯ ಪ್ರೋಗ್ರಾಮುಗಳನ್ನೆಲ್ಲ ತಿದ್ದಬೇಕು. ಒರಾಕಲ್ ಅಂತೂ ಇದ್ದಲ್ಲೇ ಚೆನ್ನಾಗಿ ಓಡುತ್ತಿತ್ತು. ನಾಲ್ಕು ವರರ ಜಾತಕ ಹರಡಿಕೊಂಡ ಸೋದರತ್ತೆಯಂತೆ ಪಾವನಾ ಎಲ್ಲದರಲ್ಲೂ ಒಂದೊಂದು ಕೊರತೆ ಹುಡುಕುತ್ತಿದ್ದಳು.

"ನಿಮಗೆ ಒಪ್ಪಿಗೆ ಆಗುವ ಡೇಟಾಬೇಸ್ ಇನ್ನೂ ಹುಟ್ಟಿಲ್ಲ ಮಾರಾಯ್ರೆ," ಎನ್ನುತ್ತಿದ್ದ ಅಚ್ಯುತ.

ಆಮೇಲೆ ಬೇರೆ ಮಾತು. ತ್ರಿಪ್ಪುಣಿತ್ತುರದ ಬಾಡಿಗೆ ಮನೆಯ ಒಡತಿ ಚೇಚಿ, ಪುಟ್ಟು ಎಂಬ ಅಕ್ಕಿಹಿಟ್ಟಿನ ತಿಂಡಿಗೆ ಬಾಳೆಹಣ್ಣು ಹಿಸುಕಿಕೊಂಡು ತಿನ್ನಲು ಕಲಿಸಿದ್ದು. ಮಲಯಾಳಂ ಬಾರದೆ ಅವಳು ಆಟೋದವನ ಹತ್ತಿರ ಕೈಸನ್ನೆ ಮಾಡಿ ಒದ್ದಾಡಿದ್ದು. ಕೊನೆಗೆ ಅವನು "ಮತ್ತೆ ಮಾತಾಡುವ," ಎಂದು ಫೋನ್ ಇಡುತ್ತಿದ್ದ. ಪುನಃ ಮಾತಾಡೋಣ ಎನ್ನುತ್ತಿದ್ದಾನೆಂದು ಅವಳಿಗೆ ಖುಷಿಯಾಗುತ್ತಿತ್ತು.

ಅವಳು ಪ್ರೀತಿಸತೊಡಗಿದ್ದಳು. ಅದನ್ನು ಸುತ್ತಿಬಳಸಿ ಹೇಳುವ ಅಗತ್ಯವಿಲ್ಲ. ಅವಳಿಗೂ ಗೊತ್ತಿತ್ತು, ಅವಳ ಪಕ್ಕದಲ್ಲಿ ಕೂರುತ್ತಿದ್ದ ಬೆಂಗಳೂರಿನ ಸಹೋದ್ಯೋಗಿ ಕಿಶೋರ್‌ಗೂ ಗೊತ್ತಿತ್ತು.

ವರದಿ ಒಪ್ಪಿಸಲು ಸ್ವಲ್ಪ ದಿನ ಇರುವಾಗ ಕಿಶೋರ್ ಕುರ್ಚಿ ಎಳೆದುಕೊಂಡು ಕೂತ.

"ಪಾವನಾ, ಬೇಜಾರು ಮಾಡ್ಕೋಬೇಡ. ಒರಾಕಲ್ ತೆಗೆದ್ರೆ ಶ್ರೀಕಾರ್ಯಂ ವಿಭಾಗ ಮುಚ್ತಾರಂತೆ. ಅಚ್ಯುತನ ಕೆಲಸಾನೂ ಹೋಗುತ್ತೆ. ನಿನಗೆ ಹೇಳಿದ್ನಾ?"

"ಇಲ್ಲ..."

"ವರದಿ ಬರೆಯೋಳು ನೀನು. ದಿನಾ ಮಾತಾಡೋನು ಅವನು. ನಾನು ಇನ್ನೇನೂ ಹೇಳಲ್ಲ."

ಅಂದು ಸಂಜೆ ಆಲುವದಲ್ಲಿ ಕೆಲಸ ಮುಗಿಸಿ ಮೆಟ್ರೋ ಹತ್ತಿದವಳು ಕೂತ ಕೂಡಲೇ ಅವನಿಗೆ ಸಂದೇಶ ಕಳಿಸಿದಳು. 'ಇಷ್ಟು ದಿನ ನೀವು ನನ್ನ ಜೊತೆ ಮಾತಾಡಿದ್ದು ಈ ವರದಿಗೋಸ್ಕರಾನಾ?'

ಇಲ್ಲ ಅನ್ನಲಿ. ಕೋಪ ಮಾಡಿಕೊಳ್ಳಲಿ. ಹೀಗೆ ಕೇಳಲು ನಾಚಿಕೆಯಾಗಲ್ವಾ ಅಂತ ಬೈಯಲಿ...

ಎರಡು ನಿಲ್ದಾಣ ದಾಟುವಷ್ಟರಲ್ಲಿ ಉತ್ತರ ಬಂತು. ಒಂದೇ ಪದ.

'ಮತ್ತೆ'

ಅವಳು ಓದಿದಳು. ಇನ್ನೊಮ್ಮೆ ಓದಿದಳು. ಮತ್ತೆ? ಅಂದರೆ, ಮತ್ತಿನ್ಯಾತಕ್ಕೆ ಅಂದುಕೊಂಡೆ? ಅದೂ ಮುಚ್ಚುಮರೆಯಿಲ್ಲದೆ, ಪ್ರಶ್ನಾರ್ಥಕ ಚಿಹ್ನೆ ಹಾಕುವ ತೊಂದರೆಯನ್ನೂ ತೆಗೆದುಕೊಳ್ಳದೆ.

ಅವನ ನಂಬರನ್ನು ಅಲ್ಲೇ ಬ್ಲಾಕ್ ಮಾಡಿದಳು. ಮನೆ ಮುಟ್ಟುವವರೆಗೂ ಅಳಲಿಲ್ಲ. ಚೇಚಿ ಬಾಗಿಲು ತೆಗೆದು "ಎಂದಾ ಮೋಳೆ?" ಎಂದು, ಏನಾಯ್ತು ಮಗಳೇ ಎಂದು, ಕೇಳಿದಾಗ ಮಾತ್ರ ತಡೆಯಲಾಗಲಿಲ್ಲ.

ಆಮೇಲೆ ಶುರುವಾಯಿತು ನಿಜವಾದ ಸಂಕಟ. ಪೋಸ್ಟ್‌ಗ್ರೆಸ್ ಎಂದು ಬರೆದರೆ, ಸೇಡು ತೀರಿಸಿಕೊಂಡೆನೇ? ಒರಾಕಲ್ ಇರಲಿ ಎಂದು ಬರೆದರೆ, ಇನ್ನೂ ಅವನ ಮೇಲಿನ ಆಸೆ ಬರೆಸಿತೇ? ಅವಳಿಗೆ ತನ್ನ ಕೈಯ ಮೇಲೆಯೇ ನಂಬಿಕೆ ಹೋಯಿತು. ಎಲ್ಲ ಪರೀಕ್ಷೆಗಳನ್ನೂ ಮೊದಲಿನಿಂದ ಮಾಡಿದಳು. ಫಲಿತಾಂಶಗಳಿಂದ ಹೆಸರು ತೆಗೆದು ಕಿಶೋರ್ ಮುಂದಿಟ್ಟು, "ಯಾವುದು ಯಾವುದು ಅಂತ ಕೇಳ್ಬೇಡ, ಯಾವುದು ವಾಸಿ ಅಂತ ಮಾತ್ರ ಹೇಳು," ಎಂದಳು. ಅವನು ತೋರಿಸಿದ್ದು ಪೋಸ್ಟ್‌ಗ್ರೆಸ್ ಅನ್ನೇ.

ಹಾಗೆಯೇ ಬರೆದಳು. ಬದಲಾವಣೆಗೆ ಮುನ್ನ ಖಾಲಿ ಟಿಪ್ಪಣಿಗಳನ್ನು ಬಳಸುವ ಪ್ರತಿಯೊಂದು ಪ್ರೋಗ್ರಾಮನ್ನೂ ತಿದ್ದಲೇಬೇಕು, ಇದನ್ನು ಗುರುತಿಸಿದವರು ಅಚ್ಯುತ ಎಂದೂ ಸೇರಿಸಿದಳು. ಸಿಟ್ಟು ಎಷ್ಟಿದ್ದರೂ ಅವನ ಪಾಲಿನದನ್ನು ಕದಿಯಲು ಮನಸ್ಸು ಬರಲಿಲ್ಲ.

ಕೊನೆಯ ಸಭೆ ತಿರುವನಂತಪುರದಲ್ಲಿ, ಶ್ರೀಕಾರ್ಯಂನ ಅವನ ಕಚೇರಿಯಲ್ಲೇ ನಡೆಯಿತು. ಪಾವನಾ ವರದಿ ಓದಿದಳು. ಅವನಿದ್ದ ದಿಕ್ಕಿಗೆ ನೋಡಲಿಲ್ಲ.

ನಿರ್ಮಲ ಮ್ಯಾಡಂ ಅವನತ್ತ ತಿರುಗಿದರು. "ಅಚ್ಯುತ, ಇದರಿಂದ ನಿಮ್ಮ ವಿಭಾಗಕ್ಕೆ ಏನಾಗುತ್ತದೆಂದು ನಿಮಗೆ ಗೊತ್ತು. ನಿಮ್ಮ ಆಕ್ಷೇಪ ಇದ್ದರೆ ನಿರ್ಧಾರವನ್ನು ಮುಂದೂಡಬಲ್ಲೆ."

ಒಂದು ಆಕ್ಷೇಪ ಸಾಕಿತ್ತು. ಅವನಿಗೆ ಬೇಕಿದ್ದರೆ ಹತ್ತು ಹುಡುಕಬಲ್ಲ ಎಂಬುದು ಪಾವನಾಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಆಕ್ಷೇಪ ಇಲ್ಲ ಮ್ಯಾಡಂ," ಎಂದ. "ವರದಿ ಸರಿ ಇದೆ. ನಾನು ಬರೆದಿದ್ದರೂ ಇದನ್ನೇ ಬರೆಯುತ್ತಿದ್ದೆ."

ಅಷ್ಟೇ. ಅವನ ಕೆಲಸ ಹೋಯಿತು. ಕೋಣೆಯಲ್ಲಿ ಯಾರೋ ಬಿಸ್ಕತ್ತಿನ ತಟ್ಟೆ ಮುಂದೆ ಸರಿಸಿದರು.

ಪಾವನಾಗೆ ಏನೂ ಅರ್ಥವಾಗಲಿಲ್ಲ. ವರದಿಗೋಸ್ಕರ ಮಾತಾಡಿದವನು ವರದಿಯನ್ನೇ ಹೀಗೆ ಬಿಟ್ಟುಕೊಡುತ್ತಾನೆಯೇ?

ಹೊರಗೆ ಮೊಗಸಾಲೆಯಲ್ಲಿ ಅವನು ಕಿಟಕಿಯ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದ. ಅವಳು ಬಂದದ್ದು ಕಂಡು ದನಿ ತಗ್ಗಿಸಿದ.

"ಅಮ್ಮ, ಈಗ ಆಗುದಿಲ್ಲ. ಮತ್ತೆ ಮಾಡ್ತೇನೆ... ಇಲ್ಲ, ಇವತ್ತು ಇನ್ನೂ ನಾನಾಗಿ ಫೋನ್ ಮಾಡ್ಲೇ ಇಲ್ಲ... ಹೂಂ, ಮತ್ತೆ, ಮತ್ತೆ."

ಅವಳು ನಿಂತಲ್ಲೇ ನಿಂತಳು.

"ಏನಂದ್ರಿ ಅಮ್ಮನಿಗೆ?"

"ಎಂತ ಇಲ್ಲ, ಮತ್ತೆ ಫೋನ್ ಮಾಡ್ತೇನೆ ಅಂದೆ."

"ಇವತ್ತು ಒಂದ್ಸಲಾನೂ ಮಾಡಿಲ್ಲ ಅಂದ್ರಲ್ಲ. ಮತ್ತೆ ಹೇಗೆ ಮಾಡ್ತೀರಿ?"

ಅವನು ಅವಳನ್ನು ವಿಚಿತ್ರವಾಗಿ ನೋಡಿದ. "ಮತ್ತೆ ಅಂದ್ರೆ ಆಮೇಲೆ. ಈಗ ಅಲ್ಲ, ಆಮೇಲೆ. ನಿಮ್ಮ ಕಡೆ ಹಾಗೆ ಹೇಳುದಿಲ್ವಾ?"

"ನಮ್ಮ ಕಡೆ ಮತ್ತೆ ಅಂದ್ರೆ ಪುನಃ." ಅವಳು ಫೋನ್ ತೆಗೆದು ಆ ಒಂದೇ ಪದದ ಉತ್ತರ ತೋರಿಸಿದಳು. "ಯಾರಾದ್ರೂ ಪ್ರಶ್ನೆ ಕೇಳಿದಾಗ ಬರೀ ಮತ್ತೆ ಅಂದ್ರೆ... ಹೌದು, ಅದಕ್ಕೇ, ಇನ್ಯಾತಕ್ಕೆ ಅಂತ."

ಅಚ್ಯುತನ ಮುಖದಲ್ಲಿ ಲೆಕ್ಕ ನಿಧಾನವಾಗಿ ಕೂಡಿ ಬಂತು.

"ಅಯ್ಯೋ ದೇವರೇ," ಎಂದ. "ಆ ದಿನ ನಾನು ಮೀಟಿಂಗ್‌ನಲ್ಲಿದ್ದೆ. ವಿಭಾಗ ಮುಚ್ಚುವ ಮಾತೇ ನಡೀತಿತ್ತು. ಮೇಜಿನ ಕೆಳಗಿಂದ ಒಂದು ಶಬ್ದ ಟೈಪ್ ಮಾಡಿದೆ, ಹೊರಗೆ ಬಂದು ಸರಿಯಾಗಿ ಹೇಳುವ ಅಂತ. ಬಂದು ನೋಡಿದ್ರೆ ನೀವು ಬ್ಲಾಕ್ ಮಾಡಿದ್ರಿ."

"ಆಫೀಸ್ ಮೇಲ್ ಇತ್ತಲ್ವಾ?"

"ವರದಿ ಮುಗಿಯುವ ವರೆಗೆ ಮಾತು ಬೇಡ ಅಂತ ನೀವು ತೀರ್ಮಾನ ಮಾಡಿದ್ದು ಅಂದ್ಕೊಂಡೆ. ಅದು ಸರಿ ಅಂತ್ಲೂ ಕಂಡಿತು. ಬೇಜಾರಾಯ್ತು. ಆದ್ರೆ ಸರಿಯೇ."

"ಕೆಲಸ ಹೋಗೋ ವಿಷಯ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ನನ್ನ ಮುಖ ನೋಡಿ ಬರೀತಿದ್ರಿ."

"ಬರೀತಿರಲಿಲ್ಲ."

"ಹೌದು, ಬರೀತಿರ್ಲಿಲ್ಲ," ಎಂದ ಅವನು ಸೋತವನ ಹಾಗೆ. "ಅಷ್ಟು ನಂಬಬೇಕಿತ್ತು ನಾನು."

ಅವಳಿಗೆ ಅಳು ಬಂತು. ಒಂದೇ ಭಾಷೆ ಆಡುವ ಇಬ್ಬರು, ಪರಭಾಷೆಯ ನೆಲದಲ್ಲಿ, ಆ ಒಂದೇ ಭಾಷೆಯಿಂದ ಕೆಟ್ಟರಲ್ಲ ಎಂದು. ಇಷ್ಟು ದಿನದ ಸಿಟ್ಟನ್ನು ಈಗ ಎಲ್ಲಿ ಇಡಬೇಕೋ ತಿಳಿಯಲಿಲ್ಲ.

"ಆವತ್ತು ಕೇಳಿದ್ದಕ್ಕೆ ಈಗ ಉತ್ತರ ಹೇಳಿ," ಎಂದಳು. "ಒಂದೇ ಪದದಲ್ಲಿ ಬೇಡ."

"ಮೊದಲ ಎರಡು ಫೋನ್ ವರದಿಗೆ," ಎಂದ ಅವನು, ಪ್ರಾಮಾಣಿಕವಾಗಿ. "ಆಮೇಲಿನದೆಲ್ಲ ನಿಮ್ಮ ಸ್ವರ ಕೇಳ್ಲಿಕ್ಕೆ. ಸಂಜೆ ಆಗುದನ್ನೇ ಕಾಯ್ತಿದ್ದೆ. ನಂಗೆ ನೀವು ಬೇಕು ಪಾವನಾ. ಆದ್ರೆ ಇವತ್ತು ಕೇಳುದು ಹೇಗೆ? ಈಗಷ್ಟೇ ಕೆಲಸ ಹೋಯ್ತು."

"ಕೆಲಸದ ವಿಷಯ ನಮ್ಮಪ್ಪ ಕೇಳ್ತಾರೆ. ನಾನು ಕೇಳಲ್ಲ."

ಒಳಗೆ ಕುರ್ಚಿಗಳನ್ನು ಎಳೆಯುವ ಸದ್ದು, ನಿರ್ಮಲ ಮ್ಯಾಡಂ ಯಾರಿಗೋ ಕಾರು ತರಲು ಹೇಳುವ ಸದ್ದು. ಯಾರು ಬೇಕಾದರೂ ಹೊರಗೆ ಬರಬಹುದಿತ್ತು. ಪಾವನಾ ಅವನ ಕೈ ಹಿಡಿದಳು, ಬಿಡಲಿಲ್ಲ.

"ಅಪ್ಪ ಕೇಳಿದ್ರೆ ಎಂತ ಹೇಳುದು ನಾನು?"

"ಇದ್ದಿದ್ದು ಹೇಳಿ. ನಿಮ್ಮ ಮಗಳೇ ನನ್ನ ಕೆಲಸ ಕಳೆದಳು ಅನ್ನಿ."

"ಅಷ್ಟಕ್ಕೆ ಹುಡುಗಿ ಕೊಡ್ತಾರಾ?"

"ನಮ್ಮಪ್ಪನ್ನ ನೀವು ನೋಡಿಲ್ಲ," ಎಂದಳು, ಕಣ್ಣೊರೆಸಿಕೊಳ್ಳುತ್ತ. "ಕಳೆದವಳೇ ನಷ್ಟ ಕಟ್ಟಿಕೊಡಲಿ, ಅವನನ್ನೇ ಕಟ್ಟಿಕೊಳ್ಳಲಿ ಅಂತಾರೆ."