ಎದುರು ಸೀಟಿನವನಿಗೆ ಕೊಡದ ಕೌದಿ

"ಒಂದ್ನಿಮಿಷ... ದಯವಿಟ್ಟು ಏಳಬೇಡಿ!"

ಇಳಿಯಲೆಂದು ಅರ್ಧ ಎದ್ದವನು ಹಾಗೇ ನಿಂತ. ಅವನ ಅಂಗಿಯ ಅಂಚಿಗೆ ಅಂಗೈಯಗಲದ ಕೌದಿಯೊಂದು ಜೋತಾಡುತ್ತಿತ್ತು. ರೈಲಿನ ಇಕ್ಕಟ್ಟಿನಲ್ಲಿ, ಪಕ್ಕದಲ್ಲಿ ನಿದ್ದೆಹೋಗಿದ್ದ ಅವನ ಅಂಗಿಯನ್ನೂ ಸೇರಿಸಿ ಅವಳು ಹೊಲಿದುಬಿಟ್ಟಿದ್ದಳು!

ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ. ಕತ್ತರಿ ಹುಡುಕುವಷ್ಟರಲ್ಲಿ ರೈಲು ಹೊರಟೇಬಿಟ್ಟಿತು.

"ಇನ್ನು ನಿಧಾನವಾಗಿಯೇ ಬಿಚ್ಚಿ. ನನ್ನ ಸ್ಟೇಷನ್ ಹೇಗೂ ಹೋಯ್ತು" ಎಂದ ಅವನು, ನಗು ತಡೆದುಕೊಳ್ಳುತ್ತ.

ಅವಳು ಹಲ್ಲಿನ ಆಸ್ಪತ್ರೆಯ ನರ್ಸ್. ವಾರಕ್ಕೆರಡು ದಿನ ಮೂರು ಗಂಟೆ ದೂರದ ಶಾಖೆಗೆ ಹೋಗಿಬರಬೇಕು. ದಾರಿಯುದ್ದಕ್ಕೂ ಹೊಲಿಗೆ. ಕಿಟಕಿಯಾಚೆ ಕಂಡದ್ದನ್ನು ಚೂರುಬಟ್ಟೆಯಲ್ಲಿ ಚಿತ್ರ ಮಾಡುತ್ತಿದ್ದಳು: ನೀರಿನ ಟ್ಯಾಂಕು, ಒಣಗಲು ಹಾಕಿದ ಬಟ್ಟೆ, ತಂತಿಯ ಮೇಲೆ ಕೂತ ಕಾಗೆ.

ಮುಗಿದ ಕೌದಿಯನ್ನು ಮನೆಗೆ ಒಯ್ಯುತ್ತಿರಲಿಲ್ಲ. ಮತ್ತೆಂದೂ ಸಿಗಲಾರದ ಸಹಪ್ರಯಾಣಿಕರ ಕೈಗಿಟ್ಟುಬಿಡುತ್ತಿದ್ದಳು. ಅವಳ ಪಾಲಿಗೆ ಅದು ವಿದಾಯ. ಈ ನಿಯಮವನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅವನು ಲಿಫ್ಟ್ ಮೆಕ್ಯಾನಿಕ್. ಅವನದೂ ಅದೇ ರೈಲು. ಮುಂದಿನ ವಾರದಿಂದ ಎದುರು ಸೀಟಿಗೆ ಹೋಗಿ ಕೂತ. ಅಂಗಿಯ ಕ್ಷೇಮಕ್ಕಾಗಿಯಂತೆ!

ಹಾಗೆ ಎಂಟು ತಿಂಗಳು. ಸೂಜಿಗೆ ದಾರ ಪೋಣಿಸಿಕೊಟ್ಟ. ಹಳೇ ಅಂಗಿಗಳ ಚೂರು ತಂದುಕೊಟ್ಟ. ಲಿಫ್ಟಿನಲ್ಲಿ ಸಿಕ್ಕಿಬಿದ್ದವರು ತನ್ನನ್ನು ಬೈದದ್ದನ್ನೆಲ್ಲ ನಟಿಸಿ ತೋರಿಸಿದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ಬಾರದ ದಿನ ಮಾತ್ರ ಹೊಲಿಗೆಯೆಲ್ಲ ಸೊಟ್ಟ.

'ಇದೇನಾಗಿದೆ ನನಗೆ...'

ಒಂದು ಗುರುವಾರ ಅವನ ಮುಖ ಸಪ್ಪಗಿತ್ತು. ಕಂಪನಿಯವರು ಬೇರೆ ಊರಿನ ಕೆಲಸಕ್ಕೆ ಹಾಕಿದ್ದಾರೆ, ನಾಳೆಯಿಂದ ಈ ರೈಲಿಗೆ ಬರುವುದಿಲ್ಲ ಎಂದ. ಆಮೇಲೆ ಅವಳ ಮಡಿಲಿನತ್ತ ನೋಡಿದ.

"ಈ ಕೌದಿ... ನನಗೆ ಕೊಡ್ತೀರಾ?"

'ಕೊಟ್ಟರೆ ಮುಗಿದೇಹೋಯಿತಲ್ಲ!' ಅವಳು ಕೌದಿಯನ್ನು ಮಡಿಲಿಗೆ ಒತ್ತಿಕೊಂಡಳು.

"ಇಲ್ಲ. ನಿಮಗೆ ಕೊಡೋಕಾಗಲ್ಲ."

ಕಾರಣ ಮಾತ್ರ ಹೇಳಲಿಲ್ಲ. ಗಾಯದ ಮೇಲೆ ಬರೆ ಎಂಬಂತೆ, ಪಕ್ಕದಲ್ಲಿದ್ದ ಅಜ್ಜಿ ಇಳಿಯಲು ಎದ್ದಾಗ ಅವಳ ಕೈ ಅಭ್ಯಾಸಬಲದಿಂದ ಅದೇ ಕೌದಿಯನ್ನು ಅಜ್ಜಿಗೆ ಕೊಟ್ಟುಬಿಟ್ಟಿತು. ಅವನು ನೋಡಿದ. ತನ್ನ ಸ್ಟೇಷನ್ನಿನಲ್ಲಿ ಇಳಿದುಹೋದ.

ಎರಡು ವಾರ ಎದುರು ಸೀಟಿನಲ್ಲಿ ಯಾರ್ಯಾರೋ ಕೂತರು. ಅವಳು ಸೂಜಿಯನ್ನೇ ಹೊರತೆಗೆಯಲಿಲ್ಲ. ಊಟ ಸೇರದೆ ಕೂತವಳನ್ನು ಕಂಡು ಅಕ್ಕ ಬಿಡದೆ ಕೆದಕಿ ವಿಷಯವನ್ನೆಲ್ಲ ಹೊರಡಿಸಿದಳು.

"ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ಅವನಿಗೇನು ಕನಸು ಬೀಳುತ್ತಾ? ಮೊದಲು ಹೋಗಿ ಹೇಳು. ಆಮೇಲೆ ಬೇಕಾದಷ್ಟು ಅಳು."

ಅಕ್ಕಂದಿರ ಬೈಗುಳ ಕೆಲವೊಮ್ಮೆ ಔಷಧಿಗಿಂತ ಬೇಗ ನಾಟುತ್ತದೆ. ಮರುದಿನವೇ ಅವಳು ಅವನ ಕಂಪನಿಗೆ ಫೋನ್ ಮಾಡಿ ಅವನಿರುವ ಕಟ್ಟಡ ಯಾವುದೆಂದು ಕೇಳಿಕೊಂಡಳು, ರಜೆ ಹಾಕಿ ಹೊರಟಳು.

ಅವನಿದ್ದದ್ದು ಏಳನೇ ಮಹಡಿಯಲ್ಲಿ. ಲಿಫ್ಟ್ ಕೆಟ್ಟಿತ್ತು. ಅದಕ್ಕೇ ತಾನೇ ಅವನು ಅಲ್ಲಿದ್ದದ್ದು!

ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತವಳನ್ನು ಕಂಡು ಅವನು ಗ್ರೀಸ್ ಮೆತ್ತಿದ ಕೈ ಒರೆಸಿಕೊಳ್ಳುತ್ತ ಎದ್ದ. ನೀರು ಬೇಕೇ ಎಂದು ಕೇಳಿದ. ಬೇಡವೆಂದು ತಲೆಯಾಡಿಸಿದಳು. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ.

"ನಾನು ಕೌದಿ ಕೊಡೋದು ಮತ್ತೆ ಸಿಗದೇ ಇರೋರಿಗೆ ಮಾತ್ರ. ಕೊಟ್ರೆ ಅಲ್ಲಿಗೆ ಮುಗೀತು ಅಂತ. ನಿಮ್ಮ ವಿಷಯದಲ್ಲಿ... ಮುಗಿಯೋದು ನನಗೆ ಬೇಕಿರಲಿಲ್ಲ."

ಅವನು ಒಂದು ಹೆಜ್ಜೆ ಮುಂದೆ ಬಂದ. ನೀವು ಯಾರ್ಯಾರಿಗೋ ಕೊಡುವುದನ್ನು ಎದುರಿಗೇ ಕೂತು ನೋಡಿದ್ದೆ, ಪ್ರತಿಸಲವೂ ಮುಂದಿನದು ನನಗೇ ಇರಬಹುದು ಎಂದುಕೊಳ್ಳುತ್ತಿದ್ದೆ ಎಂದು ಮೆಲ್ಲಗೆ ಹೇಳಿದ.

"ಈಗಲೂ ಬೇಕಾ?" ಕೇಳಿದಳು.

ಅವನ ಕಣ್ಣು ತುಂಬಿ ಬಂದಿತ್ತು, ತುಟಿ ನಗುತ್ತಿತ್ತು. ಅಂದು ಮೊದಲ ಸಲ ಅವಳನ್ನು ಏಕವಚನದಲ್ಲಿ ಕರೆದ.

"ಬೇಡ. ಈ ಜನ್ಮದಲ್ಲಿ ನೀನು ನನಗೆ ಕೊಡಲೇಬೇಡ."

"ಕೊಡಲ್ಲ ಹೋಗು" ಎಂದಳು ಅವಳು, ಅಳುತ್ತಲೇ.