ನೀರು, ಮಂಜುಗಡ್ಡೆ, ಹಬೆ

"ಇದು ತಪ್ಪು ಬೋಧನೆ! ಮೂರನೇ ಶತಮಾನದಲ್ಲೇ ಕ್ರೈಸ್ತ ಸಭೆ ಇದನ್ನ ತಳ್ಳಿಹಾಕಿತ್ತು."

ಮರೆತ ಕನ್ನಡಕಕ್ಕೆಂದು ಎಂಟನೇ ತರಗತಿಗೆ ವಾಪಸು ಬಂದ ಧರ್ಮಪಾಠದ ಟೀಚರ್ ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ, ಅಂದೇ ಕೆಲಸಕ್ಕೆ ಸೇರಿದ್ದ ಸಭಾಚರಿತ್ರೆಯ ಮೇಷ್ಟ್ರು. ಅವನ ಬೆರಳು ಬೋರ್ಡಿನ ಮೇಲೆ ಅವಳೇ ಬರೆದ ಸಾಲನ್ನು ತೋರಿಸುತ್ತಿತ್ತು: ತಂದೆ, ಮಗ, ಪವಿತ್ರಾತ್ಮ... ನೀರು, ಮಂಜುಗಡ್ಡೆ, ಹಬೆಯ ಹಾಗೆ.

ಮಕ್ಕಳು ಗೊಳ್ಳೆಂದು ನಕ್ಕರು. ಅವನು ತಿರುಗಿದ. ಕಣ್ಣು ಕಣ್ಣು ಸೇರಿತು. ಪ್ರೇಮಕ್ಕಲ್ಲ ಬಿಡಿ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕನ್ನಡಕವನ್ನೂ ತೆಗೆದುಕೊಳ್ಳದೆ ಹೊರಟುಹೋದಳು.

ಆ ಹೋಲಿಕೆ ಅಪ್ಪ ಕಲಿಸಿದ್ದು. ಪಾದ್ರಿಯಾಗಿದ್ದ ಅಪ್ಪ ಈಗ ಮಾತು ನಿಂತು ಹಾಸಿಗೆ ಹಿಡಿದಿದ್ದ.

'ನನ್ನನ್ನ ಆಡ್ಕೊಳ್ಳಲಿ... ಅಪ್ಪನನ್ನ?'

ಮರುದಿನ ಅವಳ ಮೇಜಿನ ಮೇಲೆ ಕನ್ನಡಕವಿತ್ತು. ಅವನೇ ಗಾಜು ಒರೆಸಿ, ಸಡಿಲವಾಗಿದ್ದ ಸ್ಕ್ರೂ ಬಿಗಿ ಮಾಡಿದ್ದ.

'ಅವಮಾನ ಮಾಡಿ ಉಪಕಾರ ಬೇರೆ!'

ಅವನು "ಮಿಸ್, ಅವತ್ತು..." ಎಂದಾಗೆಲ್ಲ ಅವಳು "ಕ್ಲಾಸಿದೆ" ಎಂದು ಏಳುತ್ತಿದ್ದಳು. ಬೆಳಿಗ್ಗೆ ಅಪ್ಪನಿಗೆ ಸ್ನಾನ, ಊಟ. ಆಮೇಲೆ ಶಾಲೆ. ಸಂಜೆ ಮತ್ತೆ ಅಪ್ಪ, ತಿದ್ದಬೇಕಾದ ಪೇಪರ್‌ಗಳು. ದಿನದಲ್ಲಿ ಸುಸ್ತು ಮರೆಯುತ್ತಿದ್ದುದು ಆ ಎಂಟನೇ ತರಗತಿಯಲ್ಲಿ ಮಾತ್ರ. ಈಗ ಅಲ್ಲೂ ಬಾಯಿ ತೆರೆಯಲು ಹೆದರಿಕೆ. ಕೊನೆಗೆ ಹೆಡ್‌ಮಿಸ್ ಹತ್ತಿರ ಹೇಳಿಯೇಬಿಟ್ಟಳು.

"ಮುಂದಿನ ವರ್ಷ ಎಂಟನೇ ಕ್ಲಾಸಿನ ಪಾಠ ಬೇರೆಯವರಿಗೆ ಕೊಡಿ. ನನ್ನ ಕೈಲಾಗಲ್ಲ."

ಹೇಳಿ ಬಂದು ಬಚ್ಚಲಲ್ಲಿ ಅತ್ತಳು.

ವರ್ಷದ ಕೊನೆಯ ಪಾಠ ಮುಗಿಯಿತು. ಬೋರ್ಡು ಒರೆಸುತ್ತಿದ್ದವಳ ಹತ್ತಿರ ಮುಂದಿನ ಬೆಂಚಿನ ಬಾಯಿಬಡುಕಿ ಬಂದಳು.

"ಮಿಸ್, ಚರಿತ್ರೆ ಸರ್ ಥರಾನೇ ನೀವೂ ಈಗ ನೀರು, ಮಂಜುಗಡ್ಡೆ ಹೇಳೋದು ಬಿಟ್ರಾ?"

"ಅವರ ಥರಾನಾ?"

"ಹೂಂ! ಅವರೂ ವರ್ಷಗಟ್ಟಲೆ ಅದನ್ನೇ ಕಲಿಸಿದ್ರಂತೆ. 'ಆ ಕಾಲದಲ್ಲಿದ್ದಿದ್ರೆ ನನ್ನನ್ನೇ ಮೊದಲು ಸಭೆಯಿಂದ ಆಚೆ ಹಾಕ್ತಿದ್ರು' ಅಂದ್ರು ಸರ್. ಅದಕ್ಕೇ ಅಲ್ವಾ ನಾವು ಅವತ್ತು ನಕ್ಕಿದ್ದು!"

ಅವಳು ಡಸ್ಟರ್ ಕೆಳಗಿಟ್ಟು ಸ್ಟಾಫ್ ರೂಮಿಗೆ ನಡೆದಳು.

ಅಲ್ಲಿ ಅವನೊಬ್ಬನೇ ಉತ್ತರಪತ್ರಿಕೆ ಕಟ್ಟುತ್ತಿದ್ದ.

"ಯಾಕೆ ಹೇಳಲಿಲ್ಲ?"

"ಹೇಳೋಕೆ ಬಂದಾಗೆಲ್ಲ ನಿಮಗೆ ಕ್ಲಾಸಿತ್ತು."

ನಗು ಬಂತು, ಜೊತೆಗೇ ಅಳುವೂ. "ಅದು ಅಪ್ಪ ಕಲಿಸಿದ್ದು, ಸರ್..."

"ನನಗೆ ಅಮ್ಮ ಕಲಿಸಿದ್ದು. ತಪ್ಪು ಹೋಲಿಕೇಲಿ ಇದೆ. ಅವರ ನಂಬಿಕೇಲಿ ಅಲ್ಲ."

"ಹಾಗಾದ್ರೆ ಮಕ್ಕಳಿಗೆ ಹೇಗೆ ಹೇಳೋದು?"

"ನೀರು ಒಮ್ಮೆ ಮಂಜುಗಡ್ಡೆ, ಒಮ್ಮೆ ಹಬೆ ಆಗುತ್ತೆ. ದೇವರು ಹಾಗೆ ವೇಷ ಬದಲಿಸಲ್ಲ. ಮೂವರೂ ಯಾವಾಗ್ಲೂ ಇದ್ದಾರೆ, ದೇವರು ಒಬ್ಬನೇ. ಅಷ್ಟು ಹೇಳಿ ಸುಮ್ಮನಾಗೋದು. ಕೆಲವಕ್ಕೆ ಹೋಲಿಕೆ ಇರಲ್ಲ."

ಕಟ್ಟುತ್ತಿದ್ದ ದಾರವನ್ನು ಅವನು ಕೆಳಗಿಟ್ಟ.

"ಇನ್ನೊಂದು ಮಾತಿಗೂ ವರ್ಷವೆಲ್ಲ ಹೋಲಿಕೆ ಹುಡುಕಿದೆ... ಸಿಗಲಿಲ್ಲ."

"ಯಾವ ಮಾತು?"

"ನೀವಂದ್ರೆ ನನಗಿಷ್ಟ."

ಅವಳು ಕನ್ನಡಕ ತೆಗೆದು ಒರೆಸಿದಳು. ಒರೆಸುತ್ತಲೇ ಇದ್ದಳು.

"ನಾನು ತುಂಬಾ ಸುಸ್ತಾಗಿದೀನಿ, ಸರ್. ಮನೇಲಿ ಅಪ್ಪ ಇದಾರೆ."

"ಗೊತ್ತು. ಸಂಜೆ ನಾನೂ ಬರ್ಲಾ?"

ಅವಳು ಕನ್ನಡಕ ಹಾಕಿಕೊಂಡು ಹೂಂ ಎಂದು ತಲೆಯಾಡಿಸಿದಳು. "ಮೊದಲು ಹೆಡ್‌ಮಿಸ್ ಹತ್ರ ಹೋಗ್ಬೇಕು. ಎಂಟನೇ ಕ್ಲಾಸ್ ನನಗೇ ಬೇಕು. ಆಮೇಲೆ ಬನ್ನಿ. ಆದ್ರೆ ಅಪ್ಪನ ಹತ್ರ ಮಂಜುಗಡ್ಡೆ ವಿಷಯ ಎತ್ತಬೇಡಿ!"

"ಎತ್ತಲ್ಲ," ಎಂದ ಅವನು. "ಮಗಳ ವಿಷಯ ಮಾತ್ರ."